ಎಳೆಯುವುದನ್ನು ಬಿಟ್ಟ ಮೇಲೆ ಸೊಂಟ ಮಾತು ಕೇಳಿತು

ಮೊನ್ನೆ ಎರಡು ಗಂಟೆ ಒಂದೇ ಸಮನೆ ಕಾರು ಓಡಿಸಿ, ಇಳಿದು, ಸೊಂಟಕ್ಕೆ ಕೈ ಕೊಡದೆ ನೆಟ್ಟಗೆ ನಡೆದೆ. "ಇನ್ನು ಇದರ ಜೊತೆಗೇ ಬದುಕೋದು ಕಲಿ" ಅಂದಿದ್ದ ಅಣ್ಣ ಪಕ್ಕದಲ್ಲೇ ಇದ್ದ. ಅದಕ್ಕೇ ಈ ಬರಹ. ನನ್ನ ನೋವು ಬೆನ್ನೆಲುಬಿನ ಬುಡ ಸೊಂಟದೆಲುಬಿಗೆ ಸೇರುವ ಕೀಲಿನದು, ಅದೇ ಎಸ್‌ಐ ಜಾಯಿಂಟ್. ಎಸ್‌ಐ ಜಾಯಿಂಟ್ ಎಲ್ಲಿದೆ, ಬ್ರಿಡ್ಜ್ (ಅಂಗಾತ ಮಲಗಿ ಸೊಂಟ ಎತ್ತುವ ವ್ಯಾಯಾಮ) ಮಾಡೋದು ಹೇಗೆ ಅನ್ನೋದೆಲ್ಲ ಈ ನೋವು ತಿಂದವರಿಗೆ ಬಾಯಿಪಾಠ, ಅದರ ವಿವರಕ್ಕೆ ಹೋಗಲ್ಲ.

ನನ್ನದು ಬಲಗಡೆ. ಕತ್ತಲಲ್ಲಿ ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟೆ, ಇನ್ನೊಂದು ಇತ್ತು. ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬಿತ್ತು. ಮುಂದಿನ ಏಳೆಂಟು ತಿಂಗಳು ಎಲ್ಲರೂ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವು ಅಂದರು. ಎಂಆರ್‌ಐನಲ್ಲಿ ಬೆನ್ನೆಲುಬಿನ ಕೆಳಗಿನ ಡಿಸ್ಕ್ (ಎಲುಬುಗಳ ನಡುವಿನ ಮೆತ್ತೆ) ಚೂರು ಉಬ್ಬಿತ್ತು, ಅವರಿಗೆ ಅಷ್ಟೇ ಸಾಕಾಯಿತು. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಅಂಥ ಉಬ್ಬು ಕಾಣುತ್ತದೆ ಅಂತ ನನಗೆ ತಿಳಿದದ್ದು ಆಮೇಲೆ.

ಲೆಕ್ಕ ಬರೆದಿಟ್ಟಿಲ್ಲ, ಆದರೆ ಹತ್ತಿರ ಹತ್ತಿರ ಮೂರು ತಿಂಗಳ ಸಂಬಳ ಹೋಗಿದೆ. ಅದರಲ್ಲಿ ಅರ್ಧ ನೆಟಿಗೆ ತೆಗೆಸುವುದಕ್ಕೇ. "ಎಲುಬು ಜಾರಿದೆ, ಕೂರಿಸ್ತೀನಿ" ಅಂತ ಒಬ್ಬರು ಇಪ್ಪತ್ತು ಸಲವಾದರೂ ಕೂರಿಸಿದರು. ಲಟಕ್ ಅಂದ ಮೇಲೆ ಎರಡು ದಿನ ಸ್ವರ್ಗ, ಮೂರನೇ ದಿನ ಅದೇ ಹಾಡು. ಆ ಕೀಲು ಅಲ್ಲಾಡುವುದೇ ಎರಡು ಮೂರು ಡಿಗ್ರಿ. ವಾರವಾರ ಜಾರಲು ಅದೇನು ಸಡಿಲ ಡ್ರಾಯರೇ?

ನಾಲ್ಕನೇ ಫಿಸಿಯೋ ಮಾತ್ರ ಸ್ಕ್ಯಾನ್ ಪಕ್ಕಕ್ಕಿಟ್ಟು, ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರಿಸಿ ಅಂದರು. ಸೊಂಟದ ಹಿಂದಿನ ಗುಳಿಯ ಸ್ವಲ್ಪ ಕೆಳಗೆ ಇಟ್ಟೆ. ಮಲಗಿಸಿ ಐದು ಕಡೆಯಿಂದ ಒತ್ತಿ ತಳ್ಳಿ ನೋಡಿದರು, ನಾಲ್ಕರಲ್ಲಿ ನನ್ನದೇ ನೋವು ಎದ್ದು ಬಂತು. ಬೆಳಗ್ಗೆ ಅರ್ಧ ಗಂಟೆ ಮೀರಿ ಬಿಗಿತ ಇರುತ್ತದಾ ಅಂತ ಕೇಳಿ, ಉರಿಯೂತದ ಸಂಧಿವಾತ ಇರಬಹುದೇ ಎಂದು ವೈದ್ಯರ ಬಳಿಗೂ ಕಳಿಸಿದರು. ಅದಲ್ಲ ಅಂತಾಯಿತು. ಕೀಲಿಗೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ನಾಲ್ಕು ಗಂಟೆ ನೋವು ಮುಕ್ಕಾಲು ಪಾಲು ಮಾಯ. ಕಳ್ಳ ಸಿಕ್ಕಿಬಿದ್ದ.

ಇಷ್ಟಾದರೂ ಗುಣವಾಗಲಿಲ್ಲ. ತಪ್ಪು ನನ್ನದೇ. ದಿನಕ್ಕೆ ನಲವತ್ತು ನಿಮಿಷ ಸ್ಟ್ರೆಚಿಂಗ್ ಮಾಡುತ್ತಿದ್ದೆ, ತೊಡೆಯ ಹಿಂಭಾಗ, ಪಿರಿಫಾರ್ಮಿಸ್ ಅನ್ನೋ ಪೃಷ್ಠದೊಳಗಿನ ಸ್ನಾಯು, ಏನೂ ಬಿಟ್ಟಿರಲಿಲ್ಲ. ಎಳೆದಾಗ ಹಿತ, ರಾತ್ರಿಗೆ ಉರಿ. ಒಮ್ಮೆ ಜ್ವರ ಬಂದು ವಾರ ಬಿಟ್ಟೆ, ನೋವು ಇಳಿಯಿತು! ಆ ಬಿಗಿ ಸ್ನಾಯುಗಳು ಕೀಲಿಗೆ ಕಾವಲು ನಿಂತಿದ್ದವು, ನಾನು ದಿನಾ ಕಾವಲುಗಾರನನ್ನೇ ಎಳೆದು ಹಾಕುತ್ತಿದ್ದೆ ಅಂತ ನನ್ನ ಅಂದಾಜು. ಎಲ್ಲರಿಗೂ ಹೀಗೇ ಅಂತ ಹೇಳಲ್ಲ.

ಅಲ್ಲಿಂದ ಎಳೆತ ಬಂದ್, ಬರೀ ಒತ್ತು ಮತ್ತು ಭಾರ. ಮೊಣಕಾಲುಗಳ ನಡುವೆ ದಿಂಬು ಇಟ್ಟು ಐದು ಸೆಕೆಂಡು ಹಿಸುಕುವುದು, ಹತ್ತು ಸಲ. ಎರಡೂ ಕಾಲಿನ ಬ್ರಿಡ್ಜ್ ಎಂಟೆಂಟರಂತೆ ಮೂರು ಸುತ್ತು. ಆಮೇಲೆ ಮೊಣಕಾಲೂರಿ ಸೈಡ್ ಪ್ಲ್ಯಾಂಕ್, ಅಂದರೆ ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಸೊಂಟ ಎತ್ತಿ ಹಿಡಿಯುವುದು. ಎರಡನೇ ತಿಂಗಳು ಉಮೇದಿಗೆ ಬಿದ್ದು ಒಂಟಿ ಕಾಲಿನ ಬ್ರಿಡ್ಜ್ ಮಾಡಿ ಹತ್ತು ದಿನ ಕಳೆದುಕೊಂಡೆ. ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವುದು) ಅಂದಾಗ ಫಿಸಿಯೋನೇ ಹುಬ್ಬೇರಿಸಿದರು. ಹತ್ತು ಕಿಲೋದಿಂದ ಶುರುಮಾಡಿ ಐದಾರು ತಿಂಗಳಲ್ಲಿ ನಲವತ್ತು ಮುಟ್ಟಿದೆ, ಈಗ ಅವರೇ ಬೇರೆಯವರಿಗೆ ನನ್ನ ಕಥೆ ಹೇಳುತ್ತಾರಂತೆ. ಅಳತೆಗೋಲು ಮಾತ್ರ ಮರುದಿನದ ಬೆಳಗು. ಹತ್ತರ ಅಳತೆಯಲ್ಲಿ ನೋವು ಎರಡು ಅಂಕ ಏರಿದ್ದರೆ ಹಿಂದಿನ ಭಾರಕ್ಕೆ ವಾಪಸ್. ಬ್ರಿಡ್ಜಿನಲ್ಲಿ ಪಾದ ಇಡುವುದರಲ್ಲಿ ಒಂದು ಕಿಟುಕು ಇದೆ, ಅದನ್ನು ಬರೆಯಲ್ಲ. ತಿಳಿದವರು ಎದುರಿಗೆ ನಿಂತು ನೋಡದೆ ಮಾಡಿದರೆ ಕೆಡುತ್ತದೆ.

ನಡುವೆ ಕೆಲವು ಹುಚ್ಚಾಟವೂ ನಡೆದವು. ಒಂದು ಕಾಲು ಗಿಡ್ಡ ಅಂತ ಯಾರೋ ಅಂದದ್ದಕ್ಕೆ ಎಡ ಶೂನೊಳಗೆ ಐದು ಮಿಲಿಮೀಟರ್ ಅಟ್ಟೆ ಹಾಕಿ ಮೊಣಕಾಲು ನೋವು ಸಂಪಾದಿಸಿದೆ. ಹಿಮ್ಮುಖ ನಡಿಗೆಯಿಂದ ಬಂದ ಲಾಭ, ನೋಡಿದವರ ನಗು. ಹಿಂಜೇಬಿನ ಪರ್ಸ್ ತೆಗೆದದ್ದು, ಮೊಣಕಾಲು ಜೋಡಿಸಿಕೊಂಡೇ ಹಾಸಿಗೆಯಲ್ಲಿ ಹೊರಳಿದ್ದು, ಕಾರಿನಿಂದ ಎರಡೂ ಕಾಲು ಒಟ್ಟಿಗೆ ಹೊರಗಿಟ್ಟು ಇಳಿದದ್ದು, ಇವು ಮಾತ್ರ ಕಾಸು ಖರ್ಚಿಲ್ಲದೆ ಕೆಲಸ ಮಾಡಿದವು.

ಮೂತ್ರದ ಹಿಡಿತ ತಪ್ಪುವುದು, ತೊಡೆಸಂದು ಮರಗಟ್ಟುವುದು, ಕಾಲಿನ ಬಲ ಕುಂದುವುದು ಇದ್ದವರು ಇದನ್ನೆಲ್ಲ ಓದುತ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ.

ಈ ಕೀಲನ್ನು ಬಿಗಿಹಿಡಿಯಲು ಕಟ್ಟುವ ಬೆಲ್ಟನ್ನು ನಾನೂ ಮೊದಲು ಪ್ಯಾಂಟಿನ ಬೆಲ್ಟಿನಂತೆ ಸೊಂಟಕ್ಕೆ ಕಟ್ಟಿ ಬೈದುಕೊಂಡಿದ್ದೆ. ಅದು ಕೂರಬೇಕಾದ್ದು ಇನ್ನೂ ಕೆಳಗೆ, ತೊಡೆಯೆಲುಬಿನ ಗುಬಟು ಕೈಗೆ ಸಿಗುತ್ತದಲ್ಲ, ಅದರ ಮಟ್ಟದಲ್ಲಿ. ಅಲ್ಲಿ ಕಟ್ಟಿ ಎಂಟು ವಾರ ನಡೆದಾಡಿ ಆಮೇಲೆ ಬಿಟ್ಟೆ. ಈಗ ಅಣ್ಣನಿಗೂ ಅದೇ ಜಾಗದಲ್ಲಿ ನೋವಂತೆ, ಬೆಲ್ಟು ಕೇಳಿ ಒಯ್ದಿದ್ದಾನೆ. ನಿನ್ನೆ ಫೋನ್ ಮಾಡಿದ್ದ: "ಏನೂ ಪ್ರಯೋಜನ ಇಲ್ಲ ಕಣೋ." ಎಲ್ಲಿ ಕಟ್ಟಿದ್ದೀಯ ಅಂತ ಕೇಳಿದೆ. "ಸೊಂಟಕ್ಕೆ, ಇನ್ನೆಲ್ಲಿ?"