ಹೈಪರ್‌ಸಾನಿಕ್ ಇನ್ಲೆಟ್‌ಗೆ ಯಾವ ಟರ್ಬ್ಯುಲೆನ್ಸ್ ಮಾಡೆಲ್? ಹೋಲಿಸಿ ನೋಡುವ ಕ್ರಮ

ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ನೀರು ಸೇತುವೆ ಕಂಬಕ್ಕೆ ಬಡಿದು ಸುಳಿ ಏಳೋದು ಕಾಸರಗೋಡಿನವ್ರಿಗೆ ಹೊಸತಲ್ಲ, ಮ್ಯಾಕ್ 5 (ಶಬ್ದದ ಐದು ಪಟ್ಟು ವೇಗ) ದಾಟಿದ, ಅಂದ್ರೆ ಹೈಪರ್‌ಸಾನಿಕ್ ಗಾಳಿ ಸ್ಕ್ರಾಮ್‌ಜೆಟ್ ಎಂಜಿನ್ನಿನ ಇನ್ಲೆಟ್‌ಗೆ (ಗಾಳಿ ಒಳಗೆ ಹೋಗುವ ಬಾಯಿಗೆ) ನುಗ್ಗುವಾಗ್ಲೂ ಸುಳಿ ಉಂಟು, ಜೊತೆಗೆ ಶಾಕ್ (ಒತ್ತಡ ಒಮ್ಮೆಲೇ ಏರುವ ಅಲೆ) ಬೇರೆ, ಆ ಶಾಕ್ ಗೋಡೆ ಹತ್ರ ನಿಧಾನ ಹರಿಯುವ ತೆಳು ಪದರಕ್ಕೆ, ಅಂದ್ರೆ ಬೌಂಡರಿ ಲೇಯರಿಗೆ, ಹೊಡೆದ ಜಾಗದಲ್ಲಿ ಗಾಳಿ ಗೋಡೆ ಬಿಟ್ಟು ಎದ್ದು ಹಿಂದಕ್ಕೆ ತಿರುಗ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಸುಳಿಗಳ ಪರಿಣಾಮವನ್ನು ಅಂದಾಜು ಮಾಡುವ ಸಮೀಕರಣಗಳೇ ಟರ್ಬ್ಯುಲೆನ್ಸ್ ಮಾಡೆಲ್, ಅವುಗಳ ನಿಜವಾದ ಪರೀಕ್ಷೆ ಆ ಜಾಗದಲ್ಲೇ.

ಮೊದ್ಲು ವಿಂಡ್ ಟನಲ್ ಅಳತೆ ಸಿಗುವ ಒಂದು ಜ್ಯಾಮಿತಿ ತಗೊಳ್ಳಿ. ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಲ್ಲಿ ಎಸ್‌ಯು2, ಓಪನ್‌ಫೋಮ್ ಎರಡೂ ಉಚಿತ. ಮೆಶ್ (ಜಾಗವನ್ನು ಸಣ್ಣ ಸಣ್ಣ ಕೋಶ ಮಾಡಿದ ಬಲೆ), ಸ್ಕೀಮ್ (ಲೆಕ್ಕ ಮಾಡುವ ವಿಧಾನ), ಗೋಡೆ ಉಷ್ಣತೆ ಏನನ್ನೂ ಬದಲಿಸ್ಬೇಡಿ, ಮಾಡೆಲ್ ಮಾತ್ರ ಬದಲಿಸಿ, ಇಲ್ಲಾಂದ್ರೆ ವ್ಯತ್ಯಾಸ ಯಾವುದ್ರಿಂದ ಬಂತು ಅಂತ ಗೊತ್ತೇ ಆಗೋದಿಲ್ಲ ಮಾರಾಯ್ರೆ. ಗೋಡೆ ಹತ್ರ ವೈ ಪ್ಲಸ್ (ಗೋಡೆಯಿಂದ ಮೊದಲ ಕೋಶ ಎಷ್ಟು ದೂರ ಅನ್ನುವ ಅಳತೆ) 1ಕ್ಕಿಂತ ಕಮ್ಮಿ ಇರ್ಲಿ. ಮೆಶ್ ಇನ್ನೂ ಸಣ್ಣ ಮಾಡಿದ್ರೂ ಉತ್ತರ ಅಲ್ಲಾಡ್ಬಾರ್ದು.

ಸ್ಪಾಲಾರ್ಟ್-ಆಲ್ಮಾರಾಸ್ ಮಾಡೆಲ್ ಒಂದೇ ಸಮೀಕರಣದ್ದು, ಬೇಗ ಮುಗೀತದೆ, ಅದ್ರಿಂದ ಶುರು ಮಾಡಿ. ಆಮೇಲೆ ಮೆಂಟರ್ ಎಂಬ ಸಂಶೋಧಕರು 1994ರಲ್ಲಿ ಕೊಟ್ಟ ಕೆ-ಒಮೇಗಾ ಎಸ್‌ಎಸ್‌ಟಿ ಮಾಡೆಲ್. ಇದು ಗಾಳಿ ಗೋಡೆ ಬಿಡೋದನ್ನು ಚೆನ್ನಾಗಿ ಹಿಡಿತದೆ, ಆದ್ರೆ ಬಲವಾದ ಶಾಕ್ ಇದ್ದಲ್ಲಿ ಗುಳ್ಳೆಯನ್ನು (ಗಾಳಿ ಗೋಡೆ ಬಿಟ್ಟು ಹಿಂದಕ್ಕೆ ತಿರುಗುವ ಜಾಗವನ್ನು) ಬೇಕಾದ್ದಕ್ಕಿಂತ ದೊಡ್ಡದು ಮಾಡಿ ತೋರಿಸ್ತದೆ, ಈ ಮಾಡೆಲಿನೊಳಗಿನ ಎ1 ಎಂಬ ಸ್ಥಿರಾಂಕ 0.31 ಇರೋದನ್ನು 0.355 ಮಾಡಿದ್ರೆ ಗುಳ್ಳೆ ಸಣ್ಣದಾಗ್ತದೆ, ಎರಡೂ ಓಡಿಸಿ ನೋಡಿ. ಸಾದಾ ಕೆ-ಎಪ್ಸಿಲಾನ್ ಎಂಬ ಇನ್ನೊಂದು ಮಾಡೆಲನ್ನು ಇಲ್ಲಿ ನಾನು ನಂಬೋದಿಲ್ಲ.

ಹೋಲಿಸುವಾಗ ಗೋಡೆ ಪ್ರೆಶರ್ ಒಂದೇ ನೋಡಿ ಖುಷಿ ಪಡ್ಬೇಡಿ, ಅದು ಎಷ್ಟೋ ಸಲ ವಿಂಡ್ ಟನಲ್ ಅಳತೆಗೆ ಹೊಂದಿಕೊಳ್ತದೆ. ಹೀಟ್ ಫ್ಲಕ್ಸ್ (ಗೋಡೆಗೆ ಸಾಗುವ ಶಾಖ) ನೋಡಿ, ಗಾಳಿ ಮತ್ತೆ ಗೋಡೆಗೆ ಅಂಟುವಲ್ಲಿ ಮಾಡೆಲ್‌ಗಳು ತುಂಬ ಜಾಸ್ತಿ ಹೇಳೋದುಂಟು. ಮುಂಭಾಗದಲ್ಲಿ ಹರಿವು ಲ್ಯಾಮಿನಾರ್ (ಸುಳಿಯಿಲ್ಲದೆ ನಯವಾಗಿ) ಇದ್ರೆ ಟ್ರಾನ್ಸಿಷನ್ (ಸುಳಿ ಹರಿವಿಗೆ ಬದಲಾಗೋದು) ಎಲ್ಲಿ ಅಂತಲೂ ಸರಿಯಾಗಿ ಕೊಡ್ಬೇಕು.