ಮುತ್ತುಗದ ಎಲೆ ಹೆಣೆದದ್ದು

ಹೆಣಿಗೆಯ ಪ್ಯಾಟರ್ನ್‌ಗಳಲ್ಲಿ ಎಲೆ ಎಂದರೆ ಮೇಪಲ್, ಇಲ್ಲವೇ ಓಕ್. ಚಿಕ್ಕಮಗಳೂರಿನ ನಮ್ಮ ಮನೆ ಸುತ್ತ ಎರಡೂ ಇಲ್ಲ. ತೋಟದ ಸಿಲ್ವರ್ ಓಕ್ ಹೆಸರಿಗೆ ಓಕ್ ಅಷ್ಟೇ, ಅದು ಆಸ್ಟ್ರೇಲಿಯಾದ ಮರ. ಕಳೆದ ಮಳೆಗಾಲ ನಮ್ಮ ಮರಗಳ ಎಲೆಯನ್ನೇ ಹೆಣೆಯೋಣ ಎಂದು ಕೂತೆ. ಮೊದಲು ಮುತ್ತುಗ. ನನ್ನ ತವರು ಕಡೂರಿನ ಕಡೆ. ಅಜ್ಜಿಯ ಪಕ್ಕ ಕೂತು ಮುತ್ತುಗದ ಊಟದೆಲೆ ಹಚ್ಚಿದ ಕೈ ಇದು.

10 ನಂಬರ್ ಕಡ್ಡಿ, ಹಸಿರು ದಾರ. ತೊಟ್ಟಿನ ಕಡೆಯಿಂದ 5 ಕುಣಿಕೆ ಹಾಕಿ, ನಡುವಿನ ಕುಣಿಕೆಯ ಎರಡೂ ಪಕ್ಕ ದಾರ ಸುತ್ತಿ ಒಂದೊಂದು ಹೆಚ್ಚಿಸಿದೆ. ಮುಂಭಾಗದ ಸಾಲುಗಳಲ್ಲಿ ಮಾತ್ರ ಹೆಚ್ಚಿಸಬೇಕು; ಹಿಂಭಾಗದ್ದು ಪರ್ಲ್, ಅಂದರೆ ಉಲ್ಟಾ ಹೆಣಿಗೆ. 5, 7, 9 ಎಂದು 21ಕ್ಕೆ ಹೋಗುವಷ್ಟರಲ್ಲಿ ನಡುವೆ ನರ ತಾನಾಗಿ ಎದ್ದು ಕಾಣುತ್ತದೆ. ಮುತ್ತುಗದ ತುದಿ ಚೂಪಲ್ಲ, ದುಂಡು. ಅದಕ್ಕೇ ನಾಲ್ಕು ಸಾಲು ಹಾಗೇ ಹೆಣೆದು, ಆಮೇಲೆ ಪ್ರತಿ ಸಾಲಿನ ಎರಡೂ ತುದಿಯಲ್ಲಿ ಒಂದೊಂದು ಇಳಿಸಿ, 7 ಉಳಿದಾಗ ಮುಚ್ಚಿದೆ.

ಮುತ್ತುಗಕ್ಕೆ ಒಂದೇ ತೊಟ್ಟಿನಲ್ಲಿ ಮೂರು ಎಲೆ. ನಡುವಿನದು ಆಯಿತು, ಕಷ್ಟ ಕೊಟ್ಟದ್ದು ಪಕ್ಕದ ಎರಡು. ಮೂರನ್ನೂ ಒಂದೇ ಅಚ್ಚಿನಲ್ಲಿ ಹೆಣೆದು ಜೋಡಿಸಿದರೆ ಯಾವುದೋ ಹೂವಿನ ಎಸಳಿನಂತೆ ಕಂಡಿತು, ಮುತ್ತುಗ ಅಲ್ಲವೇ ಅಲ್ಲ. ನಿಜವಾದ ಎಲೆ ತಂದು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದೆ. ಆಗ ಕಂಡಿತು: ಪಕ್ಕದವು ಸಣ್ಣವು, ಜೊತೆಗೆ ಓರೆ. ನರದ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಇಷ್ಟು ವರ್ಷ ಅದರಲ್ಲೇ ಉಂಡರೂ ಗಮನಿಸಿರಲಿಲ್ಲ! ಎಲ್ಲ ಬಿಚ್ಚಿದೆ. ಅಗಲದ ಕಡೆ ಎಂದಿನಂತೆ, ಕಿರಿದಾದ ಕಡೆ ಒಂದು ಬಿಟ್ಟು ಒಂದು ಸಲ ಹೆಚ್ಚಿಸಿದೆ. ಎರಡನೆಯದನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗುಮುರುಗು ಮಾಡಬೇಕು, ಮರೆತರೆ ಎರಡೂ ಒಂದೇ ಕಡೆಗೆ ವಾಲುತ್ತವೆ.

ಅಂಚು ಸುರುಳಿ ಸುತ್ತುವುದು ಇನ್ನೊಂದು ತೊಂದರೆ. ಮೊದಲ ಎಲೆಗಳು ಅಕ್ರಿಲಿಕ್ ದಾರದವು. ಇಸ್ತ್ರಿ ಒತ್ತಿದೆ, ಹೊಳಪು ಬಂದು ಜೋತುಬಿದ್ದವು, ಮತ್ತೆ ಸರಿಹೋಗಲಿಲ್ಲ. ಈಗ ಶುದ್ಧ ಉಣ್ಣೆಯ ದಾರವನ್ನೇ ತರುತ್ತೇನೆ. ಎರಡೂ ಅಂಚಿನ ಎರಡೆರಡು ಕುಣಿಕೆಗೆ ಪರ್ಲ್ ಇಲ್ಲ, ಎರಡೂ ಭಾಗದಲ್ಲಿ ನಿಟ್, ಅಂದರೆ ನೇರ ಹೆಣಿಗೆ. ಮುಗಿದ ಎಲೆ ನೆನೆಸಿ, ಟವೆಲ್‌ನಲ್ಲಿ ಒತ್ತಿ, ದಪ್ಪ ರಟ್ಟಿನ ಮೇಲೆ ಗುಂಡುಪಿನ್ನು ಚುಚ್ಚಿ ಹರಡುತ್ತೇನೆ. ಆಷಾಢದಲ್ಲಿ ಒಣಗಲು ಮೂರು ದಿನ ಹಿಡಿಯಿತು, ಅದೂ ಬಚ್ಚಲೊಲೆಯ ಪಕ್ಕದ ಗೋಡೆಗೆ ಒರಗಿಸಿಟ್ಟ ಮೇಲೆ.

ತೊಟ್ಟಿಗೆ ಎರಡೂ ತುದಿ ಚೂಪಿರುವ ಕಡ್ಡಿಯಲ್ಲಿ 3 ಕುಣಿಕೆ. ಕೆಲಸ ತಿರುಗಿಸದೆ, ಕುಣಿಕೆಗಳನ್ನು ಇನ್ನೊಂದು ತುದಿಗೆ ಸರಿಸಿ ಹೆಣೆಯುತ್ತಾ ಹೋದರೆ ದುಂಡನೆಯ ಹುರಿ ಆಗುತ್ತದೆ. ಸವರಿ ಬಿಸಾಡಿದ್ದ ಕಾಫಿ ರೆಂಬೆಯೊಂದಕ್ಕೆ ಒಂಬತ್ತು ಗೊಂಚಲು ಕಟ್ಟಿ ಹಜಾರದಲ್ಲಿ ತೂಗುಹಾಕಿದ್ದೇನೆ.

ಈಗ ಅರಳಿ ಎಲೆ ಕೈಯಲ್ಲಿದೆ. ಅದರ ಉದ್ದ ಬಾಲಕ್ಕೂ ಅದೇ ಹುರಿ. ಕಟ್ಟೆಯ ಕೆಳಗೆ ಬಿದ್ದ ಎಲೆಗಳನ್ನು ಆಯ್ದು ತಂದು, ಬಾಲ ಅಳೆದು ನೋಡುತ್ತಿದ್ದೇನೆ.