ಹಳೆಯ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಮ್ಯಾಪ್ ಇಟ್ಟುಕೊಂಡು ಓದೋದು ಹೇಗೆ

ಚಳಿಗಾಲದ ದೂರದ ಕಾರ್ ರ‍್ಯಾಲಿಗಳ ಆರಂಭದ ಕಥೆ ತಿಳಿಯಬೇಕು ಅಂದರೆ ಮಾಂಟೆ ಕಾರ್ಲೊದಿಂದ ಶುರು ಮಾಡಿ. ಆದರೆ ಗೆದ್ದವರ ಪಟ್ಟಿ ಮಾತ್ರ ಓದಬೇಡಿ. ಹೆಸರು, ಕಾರು, ಇಸವಿ ನೋಡಿ ಮುಂದೆ ಹೋದರೆ ಏನೂ ಹತ್ತುವುದಿಲ್ಲ. ಅವರು ಎಲ್ಲಿಂದ ಹೊರಟರು ಅನ್ನೋದನ್ನು ಮೊದಲು ಹುಡುಕಿ. ಆಗ ಎಲ್ಲರೂ ಒಂದೇ ಊರಿಂದ ಹೊರಡುತ್ತಿರಲಿಲ್ಲ. ಯುರೋಪಿನ ಬೇರೆ ಬೇರೆ ಮೂಲೆಗಳಿಂದ ಹೊರಟು ಮಾಂಟೆ ಕಾರ್ಲೊ ಇರೋ ಪುಟ್ಟ ದೇಶ ಮೊನಾಕೊದಲ್ಲಿ ಬಂದು ಸೇರುತ್ತಿದ್ದರು.

ಯುರೋಪಿನ ಒಂದು ದೊಡ್ಡ ಮ್ಯಾಪ್ ತೆಗೆದುಕೊಳ್ಳಿ, ಮೊಬೈಲ್ ಬೇಡ, ಕಾಗದದ್ದೇ ಇರಲಿ. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಮೊನಾಕೊ ಹುಡುಕಿ ಗುರುತು ಹಾಕಿ. ಈಗ ಇಷ್ಟು ನೆನಪಿಟ್ಟುಕೊಳ್ಳಿ: ರ‍್ಯಾಲಿ ನಡೆಸಿದ್ದೇ ಚಳಿಗಾಲದಲ್ಲಿ ಶ್ರೀಮಂತರು ಮೊನಾಕೊಗೆ ಬರಲಿ, ಊರಿನ ಹೆಸರು ಹರಡಲಿ ಅಂತ. ಮೊನಾಕೊದ ದೊರೆ ಪ್ರಿನ್ಸ್ ಒಂದನೇ ಆಲ್ಬರ್ಟ್ ಬೆಂಬಲ ಇತ್ತು, ಅಲೆಕ್ಸಾಂಡ್ರ್ ನೊಗೆಸ್ ಅಧ್ಯಕ್ಷರಾಗಿದ್ದ ಅಲ್ಲಿನ ಕ್ಲಬ್ ಮುಂದೆ ನಿಂತಿತ್ತು. ಜನವರಿಯಲ್ಲೇ ಯಾಕೆ ನಡೆಸಿದರು ಅಂತ ಕೇಳುವವರಿಗೆ ಇದೇ ಉತ್ತರ.

ಮೊದಲ ಗುರುತು 1911ರದ್ದು. ಪ್ಯಾರಿಸ್‌ನಿಂದ ಮೊನಾಕೊಗೆ ಒಂದು ಗೆರೆ ಎಳೆಯಿರಿ, ಸುಮಾರು 1020 ಕಿಲೋಮೀಟರ್ ದಾರಿ. ಟುರ್ಕಾ-ಮೆರಿ ಕಾರಿನಲ್ಲಿ ಬಂದ ಆನ್ರಿ ರೂಜಿಯೆ ಗೆದ್ದರು. ಪಕ್ಕದಲ್ಲೇ ಬರ್ಲಿನ್‌ನಿಂದ ಇನ್ನೊಂದು ಗೆರೆ ಎಳೆಯಿರಿ. ಅಷ್ಟು ದೂರದಿಂದ ಡುರ್ಕಾಪ್ ಕಾರಿನಲ್ಲಿ ಬಂದ ಫಾನ್ ಎಸ್ಮಾರ್ಕ್‌ಗೆ ಆ ತೀರ್ಪು ಒಪ್ಪಿಗೆಯಾಗಲಿಲ್ಲ. ತೀರ್ಪುಗಾರರು ಬರೀ ವೇಗ ನೋಡಿರಲಿಲ್ಲ, ಕಾರಿನ ಅಂದ, ಕೂತವರಿಗೆ ಎಷ್ಟು ಸುಖ, ಮುಟ್ಟಿದಾಗ ಕಾರು ಯಾವ ಸ್ಥಿತಿಯಲ್ಲಿತ್ತು ಅನ್ನೋದಕ್ಕೂ ಅಂಕ ಕೊಟ್ಟಿದ್ದರು. ಸಿಟ್ಟು ಬರೋದು ಸಹಜ ಅಲ್ವಾ? ಆದರೂ ತೀರ್ಪು ಬದಲಾಗಲಿಲ್ಲ. ನನಗೆ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾಗೋ ಜಗಳ ಇದು. ರ‍್ಯಾಲಿ ಅಂದರೆ ಏನನ್ನು ಅಳೆಯಬೇಕು ಅನ್ನೋ ಪ್ರಶ್ನೆ ಮೊದಲ ವರ್ಷವೇ ಎದ್ದು ನಿಂತಿತ್ತು.

1912 ಆದಮೇಲೆ ರ‍್ಯಾಲಿ ನಿಂತೇಹೋಯಿತು, ಮತ್ತೆ ನಡೆದದ್ದು 1924ರಲ್ಲಿ. ಅಲ್ಲಿಂದ ಮುಂದೆ ಗೆರೆಗಳು ಉದ್ದವಾಗುತ್ತಾ ಹೋಗುತ್ತವೆ. 1925ರಲ್ಲಿ ಫ್ರಾನ್ಸ್ವಾ ರೆಪ್ಯೂಸೊ ರೆನೊ 40ಸಿವಿ ಕಾರಿನಲ್ಲಿ ಗೆದ್ದರು, ಹೊರಟದ್ದು ಆಫ್ರಿಕಾದ ಟ್ಯೂನಿಸ್‌ನಿಂದ! 1926ರಲ್ಲಿ ವಿಕ್ಟರ್ ಬ್ರೂಸ್ ಸ್ಕಾಟ್ಲೆಂಡಿನ ಉತ್ತರ ತುದಿಯ ಜಾನ್ ಓ ಗ್ರೋಟ್ಸ್‌ನಿಂದ ಎಸಿ ಅನ್ನೋ ಕಂಪನಿಯ ಕಾರಿನಲ್ಲಿ ಬಂದರು. ಮರುವರ್ಷ ಅವರ ಹೆಂಡತಿ ಮಿಲ್ಡ್ರೆಡ್ ಬ್ರೂಸ್ ಮಹಿಳೆಯರ ಕಪ್ ಗೆದ್ದರು. 1931ಕ್ಕೆ ನಾರ್ವೆಯ ಸ್ಟಾವಂಗರ್, 1932ಕ್ಕೆ ಸ್ವೀಡನ್ನಿನ ಉಮಿಯೊ, 1933ಕ್ಕೆ ಎಸ್ಟೋನಿಯಾದ ಟಾಲಿನ್, 1934ಕ್ಕೆ ಅಥೆನ್ಸ್ ಅಂತ ಗುರುತು ಹಾಕಿ. ಗೆದ್ದವರು ಹೊರಟ ಊರುಗಳು ಮ್ಯಾಪಿನ ಅಂಚಿಗೆ ಹೋಗಿರೋದು ಕಾಣುತ್ತದೆ. ಕಾರಣ ಸರಳ. ಹೆಚ್ಚು ದೂರದಿಂದ ಬಂದರೆ ಹೆಚ್ಚು ಅಂಕ. ಹತ್ತಿರದಿಂದ ಹೊರಟವನು ಎಷ್ಟೇ ಚೆನ್ನಾಗಿ ಓಡಿಸಿದರೂ ಗೆಲ್ಲೋದು ಕಷ್ಟ. ಅದಕ್ಕೇ ಜನ ಬೇಕಂತಲೇ ಹಿಮ ಜಾಸ್ತಿ ಇರೋ ಊರು, ಬಾಲ್ಕನ್ ಕೆಸರಿನ ದಾರಿ ಆರಿಸಿಕೊಳ್ಳುತ್ತಿದ್ದರು.

ಈಗ ಲೆಕ್ಕ ಹಾಕಿ. ದಾರಿ 3000 ಕಿಲೋಮೀಟರ್ ಇದೆ, ಸರಾಸರಿ ಗಂಟೆಗೆ 40 ಕಿಲೋಮೀಟರ್ ಕಾಯ್ದುಕೊಳ್ಳಬೇಕು ಅಂದುಕೊಳ್ಳಿ. 75 ಗಂಟೆ ಆಗುತ್ತದೆ. ಮೂರು ಹಗಲು ಮೂರು ರಾತ್ರಿ, ಊಟ, ಪೆಟ್ರೋಲ್, ಪಂಕ್ಚರ್, ಗಡಿಯ ತಪಾಸಣೆ ಎಲ್ಲಾ ಅದರಲ್ಲೇ ಸೇರಿ. 40 ಅನ್ನೋದು ಈಗ ಕಡಿಮೆ ಅನಿಸಬಹುದು, ಆದರೆ ಹಿಮದಲ್ಲಿ ಸಿಕ್ಕಿಕೊಂಡು ಸಲಿಕೆ ಹಿಡಿದು ಇಳಿದ ಒಂದು ಗಂಟೆಯನ್ನು ಮುಂದಿನ ದಾರಿಯಲ್ಲಿ ಎಲ್ಲಿಂದಾದರೂ ತಂದು ತುಂಬಿಸಬೇಕಿತ್ತು. ಒಬ್ಬರು ಓಡಿಸುವಾಗ ಇನ್ನೊಬ್ಬರು ಕೂತಲ್ಲೇ ನಿದ್ದೆ ಮಾಡಬೇಕು. ಹೀಟರ್ ಇಲ್ಲ, ಎಷ್ಟೋ ಕಾರಿಗೆ ಗಟ್ಟಿ ಮೇಲ್ಛಾವಣಿಯೂ ಇಲ್ಲ. ರೇಡಿಯೇಟರ್‌ನಲ್ಲಿ ಬರೀ ನೀರಿದ್ದರೆ ಹೆಪ್ಪುಗಟ್ಟಿ ಇಂಜಿನ್ ಬ್ಲಾಕ್ ಸೀಳುತ್ತದೆ. ಹಾಗಾಗಿ ನೀರಿಗೆ ಆಲ್ಕೋಹಾಲ್ ಅಥವಾ ಗ್ಲಿಸರಿನ್ ಬೆರೆಸೋದು, ಬಾನೆಟ್ ಮೇಲೆ ಕಂಬಳಿ ಹೊದಿಸೋದು ಆ ಕಾಲದ ಮಾಮೂಲಿ ಉಪಾಯ.

1931ರ ಡೊನಾಲ್ಡ್ ಹೀಲಿ ಪಯಣವನ್ನು ಬಿಡಿಯಾಗಿ ಓದಿ. ಇನ್‌ವಿಕ್ಟಾ ಕಾರು ಹಿಮದಲ್ಲಿ ಜಾರಿ ಟೆಲಿಗ್ರಾಫ್ ಕಂಬಕ್ಕೆ ಬಡಿಯಿತು, ಹಿಂದಿನ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ದಂಡ, ಜಾಗ ಬಿಟ್ಟು ಸರಿಯಿತು. ಆಕ್ಸಲ್ ವಾಲಿದ ಕಾರು ನೇರವಾಗಿ ಓಡೋದಿಲ್ಲ, ಸ್ಟೇರಿಂಗನ್ನು ಇಡೀ ಹೊತ್ತು ಎಳೆದು ಹಿಡಿದಿರಬೇಕು. ಹಾಗೇ ಯುರೋಪಿನ ಉದ್ದಕ್ಕೂ ಬಂದು ಗೆದ್ದರು. ಅದರ ಹಿಂದಿನ ವರ್ಷ ಪುಟ್ಟ ಟ್ರಯಂಫ್ ಸೂಪರ್ ಸೆವೆನ್‌ನಲ್ಲಿ ಏಳನೆಯವರಾಗಿದ್ದ ಮನುಷ್ಯ ಅವರು.

ಇನ್ನೊಂದು ವಿಷಯ, ಮೊನಾಕೊ ಮುಟ್ಟಿದರೆ ಮುಗಿಯಿತು ಅಂದುಕೊಳ್ಳಬೇಡಿ. ದೂರದಿಂದ ಬಂದ ಹಲವರು ಒಂದೂ ಅಂಕ ಕಳೆದುಕೊಳ್ಳದೆ ಬಂದಿರುತ್ತಿದ್ದರು. ಅವರಲ್ಲಿ ಒಬ್ಬರನ್ನು ಆರಿಸೋಕೆ ಕೊನೆಯಲ್ಲಿ ಒಂದು ಪರೀಕ್ಷೆ. ಸ್ವಲ್ಪ ಜಾಗದಲ್ಲಿ ವೇಗ ಹಿಡಿದು, ಬ್ರೇಕ್ ಹಾಕಿ, ತಿರುಗಿಸಿ ತೋರಿಸಬೇಕು. 1936ರಲ್ಲಿ ಅಥೆನ್ಸ್‌ನಿಂದ ಫೋರ್ಡ್ ವಿ8ನಲ್ಲಿ ಬಂದ ರುಮೇನಿಯಾದ ಜಾಂಫಿರೆಸ್ಕು ಮತ್ತು ಕ್ರಿಸ್ಟಿಯಾ ಜೋಡಿ ಗೆದ್ದಿತು. ನಿದ್ದೆಗೆಟ್ಟ ಕಣ್ಣಲ್ಲಿ ಇಂಥ ಪರೀಕ್ಷೆ ಎದುರಿಸೋದನ್ನು ಯೋಚಿಸಿದರೆ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಗೆರೆ ಎಳೆಯೋದನ್ನು 1939ಕ್ಕೆ ನಿಲ್ಲಿಸಿ. ಆ ವರ್ಷ ಹಾಚ್‌ಕಿಸ್ ಮತ್ತು ಡೆಲಾಹೆ ಕಾರುಗಳು ಸಮನಾಗಿ ಮೊದಲ ಸ್ಥಾನ ಹಂಚಿಕೊಂಡವು, ಆಮೇಲೆ ಯುದ್ಧ ಬಂತು. ಹಾಚ್‌ಕಿಸ್‌ನ ಜಾನ್ ತ್ರೆವೂ 1949ರಲ್ಲಿ ರ‍್ಯಾಲಿ ಮತ್ತೆ ಶುರುವಾದಾಗಲೂ ಗೆದ್ದರು. ಅಲ್ಲಿಂದ ಮುಂದಕ್ಕೆ ಬೇರೆ ಬಣ್ಣದ ಪೆನ್ನು ತೆಗೆದುಕೊಳ್ಳಿ.